ನೀರುನಾಯಿಯ ಬೆನ್ನ ಮೇಲಿನ ಕೊಕ್ಕರೆ

ನನ್ನ ತಮ್ಮ ಶೀನ ಉಪ್ಪುಂದದ ದೋಣಿಯವರಿಗೆ ಬಲೆ ಹೆಣೆದು ಕೊಡುವವ. ಅವನಿಗೂ ನಮ್ಮ ಕೊನೆಯ ತಮ್ಮ ಕುಷ್ಟನಿಗೂ ಒಂದೇ ಹುಚ್ಚು. ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಬರುವಾಗ ಶೀನ ತಂದ ಹಳೇ ಟಿವಿ ಗೇಮ್. ಅದರಲ್ಲೊಂದು ನೀರುನಾಯಿ, ಒಂದು ಕೊಕ್ಕರೆ. ನೀರುನಾಯಿ ಆಡಿಸುವವ ಶೀನ, ಕೊಕ್ಕರೆ ಕುಷ್ಟನದ್ದು. ಮದುವೆ ವಯಸ್ಸು ದಾಟಿದ ಎರಡು ಗಡವಗಳು ಟಿವಿ ಮುಂದೆ ಕಚ್ಚಾಡುವುದನ್ನು ಕಂಡು ನಾನು ಬೈಯದ ದಿನವಿಲ್ಲ. ಮೀನು ಬುಟ್ಟಿ ಇಳಿಸಿ ಬಂದವಳಿಗೆ ಒಂದು ಲೋಟ ಚಾ ಕೊಡುವ ಗತಿಯಿಲ್ಲ, ಕೊಕ್ಕರೆಯ ಪುರಾಣ ಮಾತ್ರ ಕೇಳಬೇಕು. ಕೊಕ್ಕರೆ ಆಡಿಸುವವ ಕೈಬಿಟ್ಟು ಕೂತರೆ ಅದು ನೀರುನಾಯಿಯ ಬೆನ್ನೇರಿ ನಿದ್ದೆ ಮಾಡುತ್ತದಂತೆ. ಎರಡೂ ಒಟ್ಟಿಗೆ ಬಾರದೆ ಕೊನೆಯ ಬಾಗಿಲು ತೆರೆಯುವುದಿಲ್ಲವಂತೆ.

ಈ ಮಳೆಗಾಲ ನಾಡದೋಣಿ ಕಡಲಿಗಿಳಿದ ದಿನ ಕುಷ್ಟ ಆಟ ಅರ್ಧಕ್ಕೆ ಬಿಟ್ಟು ಎದ್ದ. ಆಫ್ ಮಾಡಬೇಡ, ಬಂದು ಆಡುವ ಎಂದ. ಅಳಿವೆಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ನಮ್ಮವನ ಹೆಣವೂ ಸಿಗಲಿಲ್ಲ.

ಹೆಣ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ ಬೆಂಕಿ ಕೊಡಬೇಕು, ಆಮೇಲೆ ಬೊಜ್ಜದ ಉತ್ತರಕ್ರಿಯೆ. ಬೆಂಕಿ ಕೊಡಬೇಕಾದ ಶೀನ ಒಪ್ಪಲೇ ಇಲ್ಲ. ಕರೆಂಟು ಹೋದರೆ ಆಟ ಅಳಿಸಿಹೋಗುತ್ತದೆಂದು ಇನ್ವರ್ಟರ್ ತಂದಿಟ್ಟ. ಟಿವಿಯಲ್ಲಿ ಕೊಕ್ಕರೆ ನಿದ್ದೆ ಮಾಡುತ್ತಲೇ ಇತ್ತು. ಅಲ್ಲ ಮಾರಾಯ್ರೆ, ಒಡಹುಟ್ಟಿದವ ಅನ್ನ ನೀರಿಲ್ಲದೆ ಎಲ್ಲೋ ಅಲೆಯುತ್ತಿದ್ದಾನೆ, ಇವನಿಗೆ ಇದು! ಬಾಯಿಗೆ ಬಂದಂತೆ ಬೈದೆ. ಕಾಲು ಹಿಡಿಯುವುದೊಂದು ಬಾಕಿ.

ಮಹಾಲಯ ಅಮಾವಾಸ್ಯೆಗೆ ತೀರಿಹೋದವರಿಗೆಲ್ಲ ಎಲೆ ಹಾಕಿದೆ. ಕುಷ್ಟನಿಗೆ ಹಾಕುವ ಹಾಗಿಲ್ಲ. ಬೊಜ್ಜ ಆಗದವ ಹಿರಿಯರ ಸಾಲಿಗೆ ಸೇರುವುದಿಲ್ಲ. ಅವನಿಗೆ ಜೀವವಾಗಿದ್ದ ಬಂಗುಡೆ ಸಾರು ಪಾತ್ರೆಯಲ್ಲೇ ಉಳಿಯಿತು. ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ.

ಶೀನ ನೋಡಿದ. ಒಳಗೆ ಹೋಗಿ, ಕುಷ್ಟ ಆಡಲು ಹಿಡಿಯುತ್ತಿದ್ದ ರಿಮೋಟಿನ ವೈರ್ ಎಳೆದು ತೆಗೆದ. ಕೊಕ್ಕರೆ ಎಚ್ಚರಾಗಿ ರೆಕ್ಕೆ ಕೊಡವಿ, ನೀರುನಾಯಿಗೆ ಒಂದು ಸುತ್ತು ಬಂದು ಮೇಲೆ ಹಾರಿಹೋಯಿತು. ನೀರುನಾಯಿ ಒಂದೇ ನಡೆಯಿತು. ಬಾಗಿಲು ತೆರೆಯಿತು.

ಎರಡೂ ಬೇಕು ಅಂತಿದ್ದಿಯಲ್ಲ ಎಂದೆ.

"ವೈರ್ ತೆಗೆದ್ರೆ ಹಕ್ಕಿ ಹಾರಿ ಹೋತ್ತ್ ಅಕ್ಕ, ಮತ್ತೆ ಒಬ್ನೇ ಹೋಪುಕಾತ್ತ್. ನಂಗೆ ಮೊದ್ಲೇ ಗೊತ್ತಿತ್ತ್. ಕುಷ್ಟನ ಹತ್ರ ಹೇಳಿರ್ಲಿಲ್ಲೆ."

ಟಿವಿ ಆಫ್ ಮಾಡಿ ದರ್ಭೆ ತರಲು ಹೊರಟವ ಹೊಸ್ತಿಲಲ್ಲಿ ನಿಂತ. ಬೊಂಬೆಗೆ ಕುಷ್ಟನ ನೀಲಿ ಅಂಗಿ ಹಾಕಬಹುದಾ ಎಂದು ನನ್ನನ್ನು ಕೇಳಿದ.