ಗೋಪುರಕ್ಕೆ ತಗುಲಿದ ಕುಂಕುಮ

ಇದನ್ನು ಹೇಳಲು ಇಷ್ಟು ವರ್ಷ ಹಿಂದೆಮುಂದೆ ನೋಡಿದೆ. ವಯಸ್ಸಾಗಿತ್ತು ಬಿಡಿ ಎಂದು ಯಾರೂ ನನಗೆ ಸಮಾಧಾನ ಹೇಳಬೇಡಿ.

ಅಡಿಲೇಡಿನ ಮಗಳ ಮನೆಯಲ್ಲಿದ್ದಾಗ ಪ್ರತಿ ಬುಧವಾರ ಒಂದು ಚಿತ್ರಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಕಾವಲಿಗಿದ್ದವಳು ಧಾರವಾಡದ ಹುಡುಗಿ, ಅಲ್ಲಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಕುರ್ಚಿ ಇದ್ದರೂ ಕೂರುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತೇ ಇರುತ್ತಿದ್ದಳು.

ಅವಳು ಕಾಯುತ್ತಿದ್ದ ಕೋಣೆಯಲ್ಲಿ ಇನ್ನೂರು ವರ್ಷ ಹಳೆಯ ಇಂಗ್ಲೆಂಡಿನ ಚಿತ್ರವೊಂದಿತ್ತು. ಸಂಜೆಯ ಹೊಂಬಿಸಿಲು, ನದಿ, ಊರನ್ನು ಮೀರಿ ಎದ್ದ ದೊಡ್ಡ ಚರ್ಚಿನ ಗೋಪುರ.

“ಗೋಪುರ ಎಲ್ಲಾರಿಗೂ ಕಾಣ್ತದ. ಕೆಳಗ ನೋಡ್ರಿ, ಅಂಕಲ್,” ಎನ್ನುತ್ತಿದ್ದಳು ಪ್ರತಿ ಸಲವೂ. ಕೆಳಗೆ ದಡದಲ್ಲಿ, ಬಟ್ಟೆ ಒಗೆಯುವ ಹೆಂಗಸೊಬ್ಬಳು ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು.

ಒಂದು ಬುಧವಾರ ದೇವಸ್ಥಾನದಿಂದ ನೇರ ಅಲ್ಲಿಗೆ ಬಂದೆ. ಅವಳು ಅತ್ತ ತಿರುಗಿದ್ದಾಗ, ದೇವರ ಪಟಕ್ಕೆ ಮಾಡುವ ಅಭ್ಯಾಸದಲ್ಲಿ, ಗೋಪುರ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗೋಪುರದ ಮೇಲೆ ಕುಂಕುಮದ ಬೆರಳಚ್ಚು ಉಳಿಯಿತು.

ಮೇಲ್ವಿಚಾರಕ ಓಡಿಬಂದ. ಹೆದರಿದ ನಾನು, ಮುಟ್ಟಬಹುದೆಂದು ಇವಳೇ ಹೇಳಿದಳು ಎಂದುಬಿಟ್ಟೆ. ತಪ್ಪಾಯಿತೆಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದು ಅವನು ಅವಳಿಗೆ ಹೇಳಿದ.

“ಅಂಕಲ್, ಖರೇ ಹೇಳ್ರಿ,” ಎಂದಳು.

ನಾನು ಗೋಪುರವನ್ನೇ ನೋಡುತ್ತ ನಿಂತೆ.

“ಆತು. ಮಾಡದ ತಪ್ಪಿಗೆ ನಾ ಬರಕೊಡಂಗಿಲ್ಲ,” ಎಂದು, ಅದನ್ನೇ ಅವನಿಗೆ ಇಂಗ್ಲಿಷಿನಲ್ಲೂ ಹೇಳಿದಳು. ಕೊರಳಿನ ಬ್ಯಾಡ್ಜ್ ತೆಗೆದು ಆ ಖಾಲಿ ಕುರ್ಚಿಯ ಮೇಲಿಟ್ಟು, ನೆಟ್ಟಗೆ ನಡೆದು ಹೋದಳು.

ಚಿತ್ರಶಾಲೆಯವರಿಗೆ ಆಮೇಲೆ ನಿಜ ಬರೆದು ಕ್ಷಮೆ ಕೇಳಿದೆ. ದೇವರನ್ನೂ ಕೇಳಿದ್ದೇನೆ. ಕೇಳದೆ ಉಳಿದದ್ದು ಒಬ್ಬಳನ್ನೇ: ಕುರ್ಚಿ ಇದ್ದರೂ ಕೂರದ ಆ ಧಾರವಾಡದ ಹುಡುಗಿಯನ್ನು.