ಹೆಪ್ಪನ್ನು ತಿಂದದ್ದು ಯಾರು?

ರೋಸಿನಾ ಆಮನ್ ಮುಂದೆ ದೊಡ್ಡ ವಿಜ್ಞಾನಿಯಾದಳು, ವೈರಸ್ಸಿನ ಡಿಎನ್‌ಎ ಬಿಡಿಸಿ ನೋಡಿದ ಮೊದಲಿಗರಲ್ಲಿ ಒಬ್ಬಳು ಅನ್ನಿಸಿಕೊಂಡಳು, ಎಲ್ಲ ಸರಿ. ಆದರೆ ಅದೆಲ್ಲ ಶುರುವಾದದ್ದು ವಿಸ್ಕಾನ್ಸಿನ್ನಿನಲ್ಲಿ, ಅಪ್ಪನ ಚೀಸ್ ಮನೆಯಲ್ಲಿ, ಅದೂ ಒಂದು ಅನ್ಯಾಯದಿಂದ.

1931ರ ಬೇಸಿಗೆ, ಅವಳಿಗೆ ಹನ್ನೊಂದು ವರ್ಷ. ಒಂದು ವಾರವಿಡೀ ತಾಮ್ರದ ಕೊಪ್ಪರಿಗೆಯಲ್ಲಿ ಹಾಲು ಹುಳಿಯೇರಲೇ ಇಲ್ಲ. ಚೀಸೆಲ್ಲ ಉಬ್ಬಿ, ನಾರಿ, ಹಂದಿಗಳ ಪಾಲಾಯಿತು. ಹಾಲು ಹಾಕುವ ರೈತರು ಬಾಗಿಲಲ್ಲಿ ಗುಂಪುಕಟ್ಟಿದರು. ಅಪ್ಪ ಕಾಸ್ಪರನಿಗೆ ತನ್ನ ಹೆಪ್ಪಿನ ಮೇಲೆ ದೇವರಿಗಿಂತ ಒಂದು ತೂಕ ಹೆಚ್ಚೇ ನಂಬಿಕೆ. ಸ್ವಿಟ್ಜರ್ಲೆಂಡಿನಿಂದ ಬಂದ ಅವನಪ್ಪ ಮಾಡುತ್ತಿದ್ದ ಹಾಗೇ, ಇವತ್ತಿನ ಚೀಸಿನಿಂದ ಬಸಿದ ತಿಳಿನೀರನ್ನು ಎತ್ತಿಟ್ಟು ನಾಳೆಯ ಹಾಲಿಗೆ ಹೆಪ್ಪು ಹಾಕುತ್ತಿದ್ದ. ಅದರಲ್ಲಿ ತಪ್ಪಿರುವುದುಂಟೆ? ಎಲ್ಲರೆದುರು, ತನ್ನ ಹೆಂಡತಿ ವೆರೇನಾ ಬಕೆಟ್ಟು ಸರಿಯಾಗಿ ತೊಳೆದಿಲ್ಲ ಎಂದುಬಿಟ್ಟ.

ವೆರೇನಾಳೋ, ಕೈ ಬೊಬ್ಬೆಯೆದ್ದರೂ ಬಿಡದೆ ಕುದಿಯುವ ನೀರಿನಲ್ಲಿ ಮೂರು ಸಲ ತೊಳೆಯುವ ಹೆಂಗಸು! ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ ಹೊರಟುಹೋದಳು. ಆಮೇಲೆ ಚೀಸ್ ಮನೆಯ ಹೊಸ್ತಿಲು ತುಳಿಯಲಿಲ್ಲ. ಕೊಳಕು ಕೈಯವಳೆಂಬ ಹೆಸರು ಬಿದ್ದು, ಚರ್ಚಿನ ಊಟಕ್ಕೆ ಅವಳು ಮಾಡಿಕೊಂಡು ಹೋದ ಕೇಕು ಮುಟ್ಟುವವರಿಲ್ಲದೆ ಹಾಗೇ ಮನೆಗೆ ವಾಪಸಾಗುತ್ತಿತ್ತು. ಆ ಕೇಕಿನ ಡಬ್ಬಿ ಹೊತ್ತು ಬರುತ್ತಿದ್ದವಳು ರೋಸಿನಾ. ಕಾಲೇಜಿಗೆ ಹೋದಾಗ ಬ್ಯಾಕ್ಟೀರಿಯಾದ ಓದನ್ನೇ ಹಿಡಿದದ್ದು ಸುಮ್ಮನೆ ಅಲ್ಲ.

ಇಪ್ಪತ್ತೊಂದು ವರ್ಷದ ಮೇಲೆ ಕೊಪ್ಪರಿಗೆ ಮತ್ತೆ ಕೈಕೊಟ್ಟಿತು. ಈ ಸಲ ಬಕೆಟ್ಟು ತೊಳೆದವನು ಕಾಸ್ಪರನೇ. ಗಂಡನಿಗೆ ಒಂದು ಮಾತೂ ಹೇಳದೆ, ಹಂದಿಗಳಿಗೆಂದು ಹೊರಗಿಟ್ಟಿದ್ದ ಆ ತಿಳಿನೀರನ್ನು ಜಾಡಿಯಲ್ಲಿ ತುಂಬಿ ಟವೆಲ್ಲಿನಲ್ಲಿ ಸುತ್ತಿಕೊಂಡು, ವೆರೇನಾ ಬಸ್ಸು ಹತ್ತಿ ಮ್ಯಾಡಿಸನ್ನಿನಲ್ಲಿ ಮಗಳು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಬಂದೇಬಿಟ್ಟಳು.

ಬ್ಯಾಕ್ಟೀರಿಯಾ ಕೂಡ ನುಸುಳದಷ್ಟು ಸಣ್ಣ ಜರಡಿಯಲ್ಲಿ ರೋಸಿನಾ ಅದನ್ನು ಸೋಸಿದಳು. ಸೋಸಿದ ನೀರನ್ನು, ಹೆಪ್ಪಿನ ಬ್ಯಾಕ್ಟೀರಿಯಾ ಬಿತ್ತಿದ ಗಾಜಿನ ತಟ್ಟೆಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ಮಾರನೆಯ ಬೆಳಿಗ್ಗೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವಳಿಗೆ ಮೈ ಜುಮ್ಮೆಂದಿತು. ಮಂಜಿನಂತೆ ಹರಡಿದ್ದ ಬಿಳುಪಿನಲ್ಲಿ ಗುಂಡಗೆ, ತಿಳಿಯಾದ ತೂತುಗಳು! ಒಂದೊಂದರಲ್ಲೂ ಕೋಟಿಗಟ್ಟಲೆ ಜೀವ ಹೇಳಹೆಸರಿಲ್ಲದಂತೆ ಕರಗಿಹೋಗಿತ್ತು. ಬ್ಯಾಕ್ಟೀರಿಯಾವನ್ನೇ ತಿನ್ನುವ ವೈರಸ್ಸು ಮಾಡಿದ ತೂತುಗಳನ್ನು ಅವಳು ಕಾಣದವಳೇನಲ್ಲ, ದಿನದ ಕಸುಬೇ ಅದು. ಆದರೆ ಇದು ತನ್ನ ಮನೆಗೆ ಬೆಂಕಿಯಿಟ್ಟ ವೈರಸ್ಸು. ಉಸಿರಿಲ್ಲ, ಹೊಟ್ಟೆಯಿಲ್ಲ, ಆದರೂ ಕೊಪ್ಪರಿಗೆಯನ್ನೇ ನುಂಗಿತ್ತು. ಅಬ್ಬಾ, ಇದನ್ನು ಬೈಯುವುದೋ, ಕೈಮುಗಿಯುವುದೋ ಅವಳಿಗೇ ತಿಳಿಯಲಿಲ್ಲ.

ತಾಯಿ ತಟ್ಟೆಯನ್ನು ಬಹಳ ಹೊತ್ತು ನೋಡಿದಳು.

"ಬಕೆಟ್ಟಿಂದ ಬಂತಾ ಇದು?"

"ಅಲ್ಲಮ್ಮ. ನೀನು ಹಾಕ್ತಿದ್ದ ಕುದಿನೀರಿಗೆ ಇದು ಬದುಕಲ್ಲ. ಅಪ್ಪ ದಿನಾ ಎತ್ತಿಡ್ತಾರಲ್ಲ ತಿಳಿನೀರು, ಅದರಲ್ಲೇ ಕೂತು ದಿನಾ ಬೆಳೀತು. ಅವತ್ತೂ ಹಿಂಗೇ ಆಗಿರ್ಬೇಕು."

ವೆರೇನಾ ಕುರ್ಚಿಯಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ತಟ್ಟೆಯನ್ನು ಅದೇ ಟವೆಲ್ಲಿನಲ್ಲಿ ಸುತ್ತಿ ಎದ್ದಳು.

ಮರುದಿನ ರೈತರು ಹಾಲು ತರುವ ಹೊತ್ತಿಗೆ ತಾಯಿ ಮಗಳು ಚೀಸ್ ಮನೆಯ ಬಾಗಿಲಲ್ಲಿದ್ದರು. ರೋಸಿನಾ ಅಪ್ಪನಿಗೆ ತಟ್ಟೆ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಕಾಸ್ಪರ್ ಅದನ್ನು ಬಿಸಿಲಿಗೆ ಹಿಡಿದ, ತಿರುಗಿಸಿದ, ಮತ್ತೆ ಹಿಡಿದ. ಹಟಮಾರಿ ಮುದುಕ, ಈಗ ಸಿಡುಕುತ್ತಾನೆ ಅಂತಲೇ ಎಲ್ಲರೂ ಕಾದರು. ಅವನು ಟೋಪಿ ತೆಗೆದು ರೈತರ ಕಡೆ ತಿರುಗಿದ.

"ಅವತ್ತು ವೆರೇನಾದು ತಪ್ಪಿರಲಿಲ್ಲ ಕಣ್ರಯ್ಯ. ಹೆಪ್ಪಲ್ಲಿತ್ತು. ನನ್ನ ಹೆಪ್ಪಲ್ಲಿ."

ವೆರೇನಾ ಹೊಸ್ತಿಲು ದಾಟಿ ಒಳಗೆ ಹೋದಳು. ಮೊಳೆಯಲ್ಲಿ ಏಪ್ರನ್ ಇನ್ನೂ ಹಾಗೇ ತೂಗುತ್ತಿತ್ತು, ಅವನು ಅದನ್ನು ತೆಗೆದಿರಲಿಲ್ಲ. ಧೂಳು ಕೊಡವಿ ಕಟ್ಟಿಕೊಂಡಳು. ಸಾಲಾಗಿಟ್ಟ ಬಕೆಟ್ಟುಗಳಲ್ಲಿ ಒಂದನ್ನೆತ್ತಿ, ಒಳಗೆ ಬೆರಳಾಡಿಸಿ, ಗಂಡನ ಮುಂದೆ ಕುಕ್ಕಿದಳು.

"ಕಾಸ್ಪರ್, ಇಷ್ಟು ವರ್ಷ ಹಿಂಗಾ ತೊಳೀತಿದ್ದಿದ್ದು? ಹೋಗು, ನೀರು ಕಾಯಿಸು."