ಹಂಚಿಲ್ಲದ ಡಿಲಕ್ಸ್ ರೂಮು

ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಮೇಲಾಯಿತು. ಕೆಲಸಕ್ಕೆ ಸೇರಿದ ದಿನ ಸಾಹುಕಾರರು ನನಗೆ ಕಲಿಸಿದ್ದು ಎರಡೇ ಮಾತು. ಗಿರಾಕಿ ಕೂತ ಕೂಡಲೇ ಸೀರೆ ಯಾರಿಗೆ ಅಂತ ಕೇಳಬೇಕು. ಆಮೇಲೆ ಮೂರಕ್ಕಿಂತ ಹೆಚ್ಚು ಸೀರೆ ಒಮ್ಮೆಲೇ ಹಾಸಬಾರದು. ನಾಲ್ಕನೆಯದು ಬಿಚ್ಚಿದರೆ ಮೊದಲನೆಯದು ಮರೆತುಹೋಗುತ್ತದೆ, ಐದನೆಯದು ಬಿಚ್ಚುವಷ್ಟರಲ್ಲಿ ಗಿರಾಕಿ ಚಹಾ ಕುಡಿದು, ನಾಳೆ ಬರ್ತೇವ್ರಿ ಅಂತ ಎದ್ದುಹೋಗುತ್ತಾಳೆ. ಗೊಂದಲಕ್ಕೆ ಬಿದ್ದ ಮುಖ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅಂಥ ನಾನೇ ಹೋದ ವರ್ಷ ಮೂರು ತಿಂಗಳು ಅದೇ ಮುಖ ಹೊತ್ತುಕೊಂಡು ತಿರುಗಿದೆ, ಅದೂ ಹೋಟೆಲಿನ ಒಂದು ರೂಮಿಗೋಸ್ಕರ.

ಶುರು ಮಾಡಿದವಳು ಆರನೇ ಕ್ಲಾಸಿನ ನನ್ನ ಮಗಳು. ಅವಳ ಗೆಳತಿಯೊಬ್ಬಳು ಬೇಸಿಗೆ ರಜೆಯಲ್ಲಿ ಯಾವುದೋ ದೊಡ್ಡ ಥೀಮ್ ಪಾರ್ಕಿಗೆ ಹೋಗಿ, ಪಾರ್ಕಿನ ಒಳಗಿನ ರಿಸಾರ್ಟಿನಲ್ಲೇ ಉಳಿದು ಬಂದಿದ್ದಳಂತೆ. ಹಾಸಿಗೆಯ ಮೇಲೆ ಮಲಗಿಕೊಂಡೇ ತೊಟ್ಟಿಲಗಾಲಿ, ಅಂದರೆ ಜೈಂಟ್ ವೀಲ್, ನೋಡಬಹುದಂತೆ. ಆಷಾಢ ಮಾಸ, ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ದಸರಾ ರಜೆಗೆ ನಾವೂ ಹೋಗೋಣ ಅಂತ ನಾನು ಹಿಂದುಮುಂದು ನೋಡದೆ ಅಂದುಬಿಟ್ಟೆ.

ಆ ಸಂಜೆ ಊಟಕ್ಕೆ ಕೂತಾಗ ಎಲ್ಲರನ್ನೂ ಕೇಳಿದೆ. ಮಗಳಿಗೆ ನೀರಿನ ಜಾರುಬಂಡಿ ಬೇಕು, ಕಿಟಕಿಯಿಂದ ತೊಟ್ಟಿಲಗಾಲಿ ಕಾಣಬೇಕು. ನಮ್ಮವ್ವನೂ ಬರಲು ಒಪ್ಪಿದಳು. ಆದರೆ ಬೆಳಿಗ್ಗೆ ಲಿಂಗಪೂಜೆಗೆ ಮೊದಲು ಬಿಸಿನೀರು ಬೇಕು, ಮೆಟ್ಟಿಲು ಹತ್ತಿಸಬಾರದು, ಊಟಕ್ಕೆ ರೊಟ್ಟಿಯೇ ಆಗಬೇಕು. ಎರಡು ದಿನ ಅನ್ನ ಉಂಡರೆ ಅವಳಿಗೆ ಮೈಯಲ್ಲಿ ಶಕ್ತಿ ಇಲ್ಲದಂತಾಗುತ್ತದೆ.

ಹೆಂಡತಿ ಒಲೆಯ ಮುಂದಿದ್ದಳು. ಅವಳು ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಬೆಳಿಗ್ಗೆ ಹಂಚಿನ ಮುಂದೆ ಕೂತರೆ ಮಧ್ಯಾಹ್ನದ ತನಕ ಏಳುವುದಿಲ್ಲ. ನಮ್ಮ ಓಣಿಯ ಖಾನಾವಳಿಗೆ, ಹುನಗುಂದದ ಎರಡು ಅಂಗಡಿಗೆ, ಯಾರದಾದರೂ ಮದುವೆಯಿದ್ದರೆ ಅದಕ್ಕೂ ಅವಳೇ ರೊಟ್ಟಿ ಬಡಿದು ಕೊಡಬೇಕು. ಬಲಭುಜ ಹಿಡಿದುಕೊಂಡು ವರ್ಷವಾಗಿತ್ತು. ಜಡೆ ಹಾಕಿಕೊಳ್ಳಲೂ ಕೈ ಏಳುತ್ತಿರಲಿಲ್ಲ, ಮಗಳು ಹಾಕಿಕೊಡುತ್ತಿದ್ದಳು. ದವಾಖಾನೆಯಲ್ಲಿ ಮಾತ್ರೆ ಕೊಟ್ಟು, ಕೈಗೆ ಸ್ವಲ್ಪ ದಿನ ಬಿಡುವು ಕೊಡಿ ಅಂದಿದ್ದರು. ಬಿಡುವು ಕೊಡಲು ಆಗಿರಲಿಲ್ಲ.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಅವಳು ಅಂದಳು, "ನಂಗ ಯಾವ ಹೋಟೆಲ್ ಆದ್ರೂ ನಡೀತೈತ್ರಿ. ನಾಕ ದಿನ ಹಂಚಿನ ಮುಂದ ಕುಂದ್ರಸಬ್ಯಾಡ್ರಿ, ಅಷ್ಟ."

ಆತ್ ಬಿಡು ಅಂದೆ. ನನಗೆ ಕೇಳಿಸಿತ್ತು. ಕೇಳಿಸಿರಲಿಲ್ಲ ಅಂತ ಆಮೇಲೆ ಹೇಳಿ ಪಾರಾಗಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು.

ಮರುದಿನದಿಂದ ಅಂಗಡಿಯಲ್ಲಿ ಫೋನು ಹಿಡಿದು ಕೂತೆ. ಬೆಂಗಳೂರು ಕಡೆಯದೊಂದು, ಹೈದರಾಬಾದ್ ಕಡೆಯದೊಂದು, ಪುಣೆ ಕಡೆಯದೊಂದು, ಹೀಗೆ ಮೂರು ರಿಸಾರ್ಟು ಆರಿಸಿಕೊಂಡೆ. ಸಾಹುಕಾರರ ಪಾಠದ ಪ್ರಕಾರ ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಆ ಫೋನಿಗೆ ಪಾಠ ಹೇಳುವವರು ಯಾರು? ಒಂದನ್ನು ನೋಡಿದರೆ ಕೆಳಗೆ ಅಂಥವೇ ಇನ್ನೂ ಆರು ತೋರಿಸುತ್ತಿತ್ತು. ಒಂದೊಂದರಲ್ಲೂ ಡಿಲಕ್ಸು, ಸೂಪರ್ ಡಿಲಕ್ಸು, ಪ್ರೀಮಿಯಂ ಡಿಲಕ್ಸು. ಫೋಟೋದಲ್ಲಿ ಮೂರೂ ರೂಮು ಒಂದೇ ಥರ. ಅದೇ ಬಿಳಿ ಹಾಸಿಗೆ, ಅದರ ಮೇಲೆ ಅದೇ ಟವೆಲ್ಲಿನ ಹಂಸ. ದಡಿಯ ಒಂದು ಎಳೆ ಬದಲಾದರೂ ಇದು ಬೇರೆ ಸೀರೆ ಅಂತ ಹೇಳಬಲ್ಲ ನನ್ನ ಕಣ್ಣಿಗೆ ಅಲ್ಲಿ ವ್ಯತ್ಯಾಸವೇ ಸಿಗಲಿಲ್ಲ.

ಖಾಲಿ ಸೀರೆ ಡಬ್ಬಿಯೊಂದರ ಮುಚ್ಚಳ ತೆಗೆದುಕೊಂಡು, ಅದರ ಒಳಮೈ ಮೇಲೆ ಗೆರೆ ಹೊಡೆದು ಬರೆಯತೊಡಗಿದೆ. ಮಗಳಿಗೆ ರೈಡು, ತೊಟ್ಟಿಲಗಾಲಿ. ಅವ್ವನಿಗೆ ಬಿಸಿನೀರು, ಲಿಫ್ಟು, ರೊಟ್ಟಿ. ಆಮೇಲೆ ನಾಷ್ಟಾ ಸೇರಿದೆಯೋ ಇಲ್ಲವೋ, ಪಾರ್ಕಿನೊಳಗೆ ಬೇಗ ಬಿಡುತ್ತಾರೋ ಇಲ್ಲವೋ, ಹೆಚ್ಚಿನ ಹಾಸಿಗೆ ಹಾಕುತ್ತಾರೋ ಇಲ್ಲವೋ. ಒಂದು ಕಡೆ ಮಕ್ಕಳು ಅಂದರೆ ಹನ್ನೆರಡು ವರ್ಷದೊಳಗೆ, ಇನ್ನೊಂದು ಕಡೆ ವಯಸ್ಸಿನ ಮಾತೇ ಇಲ್ಲ, ಎತ್ತರ ಅಳೆಯುತ್ತಾರೆ. ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಚಪ್ಪಲಿ ಹಾಕಿದರೆ ದೊಡ್ಡವಳು, ಬಿಟ್ಟರೆ ಚಿಕ್ಕವಳು. ಅದನ್ನೂ ಬರೆದೆ.

ಉಳಿದು ಬಂದವರು ಬರೆದ ಅಭಿಪ್ರಾಯ ಓದಿದ ಮೇಲಂತೂ ತಲೆ ಚಿಟ್ಟು ಹಿಡಿಯಿತು. ಒಂದೇ ಹೋಟೆಲಿಗೆ ಒಬ್ಬರು ಸ್ವರ್ಗ ಅಂತಾರೆ, ಇನ್ನೊಬ್ಬರು ಈ ಜನ್ಮದಲ್ಲಿ ಮತ್ತೆ ಹೋಗುವುದಿಲ್ಲ ಅಂತಾರೆ. ಪಾರ್ಕ್ ವ್ಯೂ ತಗೊಂಡರೆ ತೊಟ್ಟಿಲಗಾಲಿ ಕಾಣುತ್ತದೆ, ಆದರೆ ಗದ್ದಲ. ಪೂಲ್ ವ್ಯೂ ತಗೊಂಡರೆ ಗದ್ದಲ ಇಲ್ಲ, ತೊಟ್ಟಿಲಗಾಲಿಯೂ ಇಲ್ಲ. ಪಾರ್ಶಿಯಲ್ ಪಾರ್ಕ್ ವ್ಯೂ ಅಂತ ಮತ್ತೊಂದಿತ್ತು. ಅರ್ಧ ತೊಟ್ಟಿಲಗಾಲಿ ಕಾಣುತ್ತದೋ ಅಥವಾ ಅರ್ಧ ದಿನ ಕಾಣುತ್ತದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಶ್ರಾವಣ ಬಂತು, ಅಂಗಡಿ ತುಂಬಿತು, ಗಿರಾಕಿಗಳ ಮುಂದೆ ಏಳೆಂಟು ಸೀರೆ ಹಾಸಿ ಕೂತು ಸಾಹುಕಾರರಿಂದ ಬೈಸಿಕೊಂಡೆ.

ಒಂದು ರವಿವಾರ ಬಾದಾಮಿಗೆ ಹೋದೆ. ಹೆಂಡತಿಯ ತಮ್ಮ ಅಲ್ಲಿಯ ಲಾಡ್ಜೊಂದರಲ್ಲಿ ಕೌಂಟರಿನಲ್ಲಿ ಕೂರುತ್ತಾನೆ. ಗವಿ ನೋಡಲು ಬರುವ ಊರೂರಿನ ಜನಕ್ಕೆ ಕೀಲಿ ಕೊಡುವ ಕೆಲಸ. ಹೋಟೆಲಿನ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ನನ್ನ ಲೆಕ್ಕ. ಬಸ್ಸು ಅಮೀನಗಡದಲ್ಲಿ ನಿಂತಾಗ ಅವನಿಗಾಗಿ ಕರದಂಟು ಕಟ್ಟಿಸಿಕೊಂಡೆ. ಮುಚ್ಚಳವನ್ನು ಪೇಪರಿನಲ್ಲಿ ಸುತ್ತಿ ಬಗಲಲ್ಲಿ ಹಿಡಿದಿದ್ದೆ.

ಅವನು ಕರದಂಟು ತಿನ್ನುತ್ತ ಮುಚ್ಚಳವನ್ನು ಮೇಲಿಂದ ಕೆಳಗೆ ಓದಿದ. ನಡುವೆ ಒಂದು ಕುಟುಂಬ ಬಂದು ಕೆರೆ ಕಾಣುವ ರೂಮು ಬೇಕೆಂದು ಹಟ ಹಿಡಿಯಿತು. ಕೀಲಿ ಕೊಟ್ಟ. ಅವರು ಚೀಲ ಇಟ್ಟು ಹತ್ತು ನಿಮಿಷಕ್ಕೆ ಕೆಳಗಿಳಿದು ಕೆರೆಯ ಹತ್ತಿರವೇ ಹೊರಟರು.

"ನೋಡ್ರಿ ಮಾಮಾ," ಅಂದ, "ಲೈಟ್ ಆರಿಸಿದ ಮ್ಯಾಲ ಎಲ್ಲಾ ರೂಮೂ ಒಂದ. ಅಕ್ಕ ಏನಂತಾಳ?"

ಯಾವುದಾದರೂ ನಡೆಯುತ್ತದೆ ಅಂದಿದ್ದಾಳೆ ಅಂದೆ. ಹಾಗಾದರೆ ಯಾವುದಾದರೂ ಒಂದು ಮಾಡಿ ಮುಗಿಸಿರಿ ಅಂತ ನಕ್ಕ. ನನಗೆ ಸಿಟ್ಟು ಬಂತು. ಎರಡು ತಿಂಗಳು ತಲೆ ಕೆಡಿಸಿಕೊಂಡವನಿಗೆ ಯಾವುದಾದರೂ ಒಂದು ಅಂದರೆ ಹೇಗಾಗಬೇಕು? ಉಳಿದ ಕರದಂಟನ್ನು ಅವನಿಗೆ ಕೊಡದೆ ಮಗಳಿಗೆ ಅಂತ ವಾಪಸು ತಂದೆ. ಸಣ್ಣತನ ಅಂತ ಈಗ ಅನಿಸುತ್ತದೆ.

ದಸರಾ ಹತ್ತಿರ ಬಂತು. ಇನ್ನು ತಡ ಮಾಡಿದರೆ ರೂಮೇ ಸಿಗುವುದಿಲ್ಲ ಅಂತ ಹೆದರಿ ಬಾಗಲಕೋಟೆಗೆ ಹೋಗಿ, ನವನಗರದ ಟ್ರಾವೆಲ್ಸ್ ಆಫೀಸೊಂದರಲ್ಲಿ ಮುಚ್ಚಳ ಹರಡಿ ಕೂತೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಅದನ್ನು ಎರಡು ಸಲ ತಿರುಗಿಸಿ ನೋಡಿ, ಇದರಲ್ಲಿ ನಿಮಗೆ ಬೇಕೇಬೇಕಾದದ್ದು ಯಾವುದು ಅಂತ ಕೇಳಿದಳು. ನನ್ನ ಬೆರಳು ಗೆರೆಯಿಂದ ಗೆರೆಗೆ ಓಡಾಡಿ ಕೊನೆಗೆ ರೊಟ್ಟಿಯ ಮೇಲೆ ನಿಂತಿತು.

ನಮ್ಮ ಕಡೆ ಬುತ್ತಿಯಿಲ್ಲದೆ ಊರು ಬಿಡುವವರನ್ನು ನಾನಂತೂ ನೋಡಿಲ್ಲ. ಎಲ್ಲಿಗೆ ಹೊರಟರೂ ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಚೀಲದಲ್ಲಿ ಇರಲೇಬೇಕು. ಹಾಗಾಗಿ ಹೋಟೆಲಿನೊಳಗೆ ಬುತ್ತಿ ಬಿಡುತ್ತಾರಾ ಅಂತ ಕೇಳಲು ಹೇಳಿದೆ. ಹುಡುಗಿ ಒಂದೊಂದಕ್ಕೂ ಫೋನು ಮಾಡಿದಳು. ಎಲ್ಲರೂ ಹೊರಗಿನ ಊಟ ಬಿಡುವುದಿಲ್ಲ ಅಂದರು. ಒಂದು ಕಡೆಯವರು ಮಾತ್ರ, ನಮ್ಮ ಡಿಲಕ್ಸ್ ಫ್ಯಾಮಿಲಿ ರೂಮಿನಲ್ಲಿ ಸಣ್ಣ ಅಡುಗೆಮನೆ ಇದೆ, ಒಲೆ, ಪಾತ್ರೆ, ಫ್ರಿಜ್ಜು ಎಲ್ಲ ಇದೆ, ನೀವೇ ಮಾಡಿಕೊಳ್ಳಬಹುದು ಅಂದರು.

ಮೂರು ತಿಂಗಳ ಗೊಂದಲ ಆ ಒಂದು ಮಾತಿಗೆ ಹರಿದುಹೋಯಿತು ಅನಿಸಿತು. ಇನ್ನು ಬುತ್ತಿಯ ಚಿಂತೆಯೇ ಇಲ್ಲ, ಅವ್ವನಿಗೆ ಬಿಸಿಬಿಸಿ ರೊಟ್ಟಿ! ಅಲ್ಲೇ ಬುಕ್ ಮಾಡಿಸಿದೆ. ಬಸ್ಸಿನಲ್ಲಿ ಹುನಗುಂದದ ತನಕ ನನ್ನಷ್ಟು ಜಾಣ ಯಾರೂ ಇಲ್ಲ ಅಂತ ಒಬ್ಬನೇ ನಗುತ್ತ ಬಂದೆ.

ಮನೆಗೆ ಬಂದು, ಎಲ್ಲರನ್ನೂ ಕೂರಿಸಿ, ಅಡುಗೆಮನೆಯ ವಿಷಯವನ್ನು ಕೊನೆಗೆ ಇಟ್ಟುಕೊಂಡು ಹೇಳಿದೆ. ಅವ್ವ ಖುಷಿಪಟ್ಟಳು. ಹೆಂಡತಿ ಒಲೆಯ ಕಡೆ ಒಮ್ಮೆ ನೋಡಿದಳು.

"ಹಂಚ ನಾವ ಒಯ್ಬೇಕೇನ್ರಿ, ಅವ್ರ ಕೊಡ್ತಾರ?" ಅಂತ ಕೇಳಿದಳು.

ಇಷ್ಟು ಒಳ್ಳೆಯ ಪ್ರಶ್ನೆ ನನಗೇ ಹೊಳೆಯಲಿಲ್ಲವಲ್ಲ ಅನಿಸಿತು. ಕೂಡಲೇ ಹೋಟೆಲಿಗೆ ಫೋನು ಮಾಡಿದೆ. ನಾನ್‌ಸ್ಟಿಕ್ ತವಾ ಇದೆ ಅಂದರು. ಅದು ಜೋಳದ ರೊಟ್ಟಿಗೆ ಬರುವುದಿಲ್ಲ, ನಮ್ಮ ಹಂಚೇ ಒಯ್ಯೋಣ, ಹಿಟ್ಟೂ ಇಲ್ಲಿಂದಲೇ ಆಗಲಿ ಅಂತ ಅವಳಿಗೆ ವರದಿ ಒಪ್ಪಿಸಿದೆ. ಅವಳು ಆತ್ರಿ ಅಂದು ಒಳಗೆ ಹೋದಳು. ಎಡಗೈಯಿಂದ ಬಲಭುಜ ಒತ್ತಿಕೊಂಡೇ ಹೋದಳು.

ಮಗಳು ಮುಚ್ಚಳ ಎತ್ತಿಕೊಂಡು ಓದುತ್ತಿದ್ದಳು. ತನ್ನ ಗೆರೆಗಳನ್ನು ಎಣಿಸಿದಳು, ಆಯಿಯ, ಅಂದರೆ ನಮ್ಮವ್ವನ, ಗೆರೆಗಳನ್ನು ಎಣಿಸಿದಳು. ಆಮೇಲೆ ಮುಚ್ಚಳವನ್ನು ನನ್ನ ಮುಂದೆ ಹಿಡಿದು ಕೇಳಿದಳು, "ಅಪ್ಪಾ, ಇದ್ರಾಗ ಅವ್ವನ ಗೆರಿ ಯಾವ್ದು?"

ಹುಡುಕಿದೆ. ಹೆಂಡತಿಯದೂ ನಿಜವಾಗಿಯೂ ಎಲ್ಲೋ ಬರೆದಿದ್ದೇನೆ ಅಂತ ನಂಬಿ ಹುಡುಕಿದೆ. ಯಾವುದಾದರೂ ನಡೆಯುತ್ತದೆ ಅಂದವಳಿಗೆ ಗೆರೆ ಯಾತಕ್ಕೆ ಅಂತ ಬಿಟ್ಟಿದ್ದೆ. ಅವಳ ಮಾತಿನ ಮೊದಲರ್ಧ ಮಾತ್ರ ನನ್ನಲ್ಲಿ ಉಳಿದಿತ್ತು. ನಾಲ್ಕು ದಿನ ಹಂಚಿನ ಮುಂದೆ ಕೂರಿಸಬೇಡಿ ಅಂತ ಇಡೀ ಮನೆಯ ಎದುರು ಕೇಳಿದವಳಿಗೆ, ಊರೂರು ಅಲೆದು, ಹೋಲಿಸಿ ಹೋಲಿಸಿ, ಒಲೆ ಇರುವ ಒಂದೇ ಒಂದು ರೂಮನ್ನು ಹುಡುಕಿ ತಂದಿದ್ದೆ. ಸೀರೆ ಯಾರಿಗೆ ಅಂತ ದಿನಕ್ಕೆ ಐವತ್ತು ಸಲ ಕೇಳುವವನು ನಾನು. ನಾಚಿಕೆಯಾಯಿತು. ಮಗಳ ಮುಖ ನೋಡಲಾಗಲಿಲ್ಲ.

ನಮ್ಮವ್ವನಿಗೆ ಎಲ್ಲ ಅರ್ಥವಾಗಿತ್ತು. "ನಾಕ ದಿನ ಅನ್ನ ಉಂಡ್ರ ನಾ ಏನ್ ಸಾಯಂಗಿಲ್ಲ," ಅಂದಳು. "ಆ ರೂಮ್ ಬ್ಯಾಡಂತ ಹೇಳ ಮದಲ."

ಮರುದಿನ ಆ ರೂಮು ಬಿಡಿಸಿ, ಹೊರಗಿನ ಊಟ ಬಿಡುವುದಿಲ್ಲ ಅಂತ ಎಲ್ಲರಿಗಿಂತ ಬಿರುಸಾಗಿ ಹೇಳಿದ್ದ ಹೋಟೆಲಿನಲ್ಲಿ ಉಳಿದಿದ್ದ ಒಂದು ಡಿಲಕ್ಸ್ ರೂಮು ಹಿಡಿಸಿದೆ. ಯಾವ ವ್ಯೂ ಅಂತ ಆ ಹುಡುಗಿ ಹೇಳಲು ಹೊರಟಳು, ಬೇಡವ್ವ ಅಂದೆ. ಹೆಂಡತಿ ಆ ವಾರದ ರೊಟ್ಟಿಯ ಆರ್ಡರುಗಳನ್ನೆಲ್ಲ ಬೇಡ ಅಂದಳು. ಖಾನಾವಳಿಯವರು ಮುಖ ಗಂಟಿಕ್ಕಿದರು.

ಹುಟ್ಟಿದ ಮೇಲೆ ಮೊದಲ ಸಲ ಬುತ್ತಿಯಿಲ್ಲದೆ ಬಸ್ಸು ಹತ್ತಿದೆವು. ಏನೋ ಮರೆತು ಬಂದವರ ಹಾಗೆ ಚೀಲ ಮುಟ್ಟಿ ಮುಟ್ಟಿ ನೋಡಿಕೊಂಡೆವು. ಪಕ್ಕದ ಸೀಟಿನ ಹೆಂಗಸು ತನ್ನ ಬುತ್ತಿ ಬಿಚ್ಚಿ ಅವ್ವನಿಗೆ ಒಂದು ರೊಟ್ಟಿ ಕೊಟ್ಟಳು. ಅವ್ವ ಸೊಸೆಯ ಕಡೆ ಒಮ್ಮೆ ನೋಡಿ, ನಾಚುತ್ತಲೇ ಇಸಿದುಕೊಂಡಳು. ರಿಸಾರ್ಟಿನಲ್ಲಿ ಬಿಸಿನೀರು ಬರುತ್ತಿತ್ತು, ಲಿಫ್ಟೂ ಇತ್ತು. ಅವ್ವ ಉಪ್ಪಿಟ್ಟು, ಮೊಸರನ್ನದಲ್ಲಿ ದಿನ ದೂಡಿದಳು. ಮಗಳನ್ನು ರೈಡಿನಲ್ಲಿ ಕೂರಿಸಿ ನಾನು ಕೆಳಗೆ ಚಪ್ಪಲಿ ಕಾಯುತ್ತ ನಿಂತೆ. ಉಳಿದ ಹೋಟೆಲುಗಳು ಇದಕ್ಕಿಂತ ಚೆನ್ನಾಗಿದ್ದವೋ ಏನೋ ಅನ್ನುವ ಹುಳ ಆಗಲೂ ತಲೆಯಲ್ಲಿ ಹರಿದಾಡುತ್ತಲೇ ಇತ್ತು.

ಹೆಂಡತಿ ಮೊದಲ ದಿನ ಒಂದು ಸುತ್ತು ಬಂದಳು. ಆಮೇಲೆ ನೀವ ಹೋಗಿ ಬರ್ರಿ ಅಂತ ರೂಮಿನಲ್ಲೇ ಉಳಿದಳು. ಮೂರನೆಯ ದಿನ ಸಂಜೆ ನಾವು ತೊಯ್ದು ತೊಪ್ಪೆಯಾಗಿ ಬಂದಾಗ ಆಗಷ್ಟೇ ಎದ್ದು ಹಾಸಿಗೆಯ ಮೇಲೆ ಕೂತಿದ್ದಳು. ಎರಡೂ ಕೈ ಎತ್ತಿ ತಾನೇ ಜಡೆ ಹಾಕಿಕೊಳ್ಳುತ್ತಿದ್ದಳು. ನಮ್ಮ ಕಿಟಕಿಯಿಂದ ತೊಟ್ಟಿಲಗಾಲಿ ಕಾಣುತ್ತದೋ ಈಜುಕೊಳ ಕಾಣುತ್ತದೋ ಅಂತ ನಾನು ಕೇಳಿದೆ.

"ಯಾಂವ ನೋಡ್ಯಾನ್ರಿ," ಅಂದಳು. "ಬಂದಾಗಿಂದ ಪರದೆ ಸರಿಸಿಲ್ಲ. ನಿದ್ದಿ ಭಾಳ ಬಂತ್ರಿ."

ಮಗಳು ಪರದೆಯ ಕಡೆ ಹೊರಟವಳು ಅಲ್ಲೇ ನಿಂತಳು. ನಾನೂ ಸರಿಸಲಿಲ್ಲ. ಮರುದಿನ ಚೀಲ ತುಂಬಿಕೊಂಡು ಹೊರಡುವ ತನಕ ಅದು ಹಾಗೇ ಇತ್ತು. ಆ ರೂಮಿನಿಂದ ಏನು ಕಾಣುತ್ತಿತ್ತು ಅಂತ ಈಗ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ.